ಚೊಗರು ಹತ್ತಿದ ಕೈಗಳನ್ನೇ ಏಕೆ ಬರೆಯುತ್ತೇನೆ

ಪ್ರದರ್ಶನಕ್ಕೆ ಬಂದವರು ಚಿತ್ರಕಾರರನ್ನು ಸಾಮಾನ್ಯವಾಗಿ ಕೇಳುವುದು ‘ಹೇಗೆ ಬರೀತೀರಿ’ ಎಂದು. ಯಾವ ಬಣ್ಣ, ಎಂಥ ಕುಂಚ, ಒಂದು ಚಿತ್ರಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದೆಲ್ಲ ಅದರ ಬೆನ್ನಿಗೇ ಬರುತ್ತದೆ. ನನ್ನ ಚಿತ್ರಗಳ ಮುಂದೆ ನಿಂತವರು ಮಾತ್ರ ‘ಇದನ್ನೇ ಏಕೆ ಬರೀತೀರಿ’ ಎಂದು ಕೇಳುತ್ತಾರೆ. ಕೇಳುವುದು ಸಹಜ. ನಾನು ಬರೆಯುವುದು ಅಡಿಕೆ ಸುಲಿಯುವ ಕೈಗಳನ್ನು. ಮೆಟ್ಟುಗತ್ತಿ, ಚೊಗರಿನಿಂದ ಕಪ್ಪಾದ ಬೆರಳು, ಪಕ್ಕದಲ್ಲಿ ಏರುತ್ತ ಹೋಗುವ ಸಿಪ್ಪೆಯ ರಾಶಿ, ಹಂಡೆಯಿಂದ ಏಳುವ ಹಬೆ. ಶಿರಸಿ ಸೀಮೆಯವಳು ಅಂದಮೇಲೆ ಜಲಪಾತವನ್ನೋ ಕಾಡನ್ನೋ ಯಕ್ಷಗಾನದ ವೇಷವನ್ನೋ ಬರೆದಿರುತ್ತಾಳೆ ಎಂದುಕೊಂಡು ಬಂದವರಿಗೆ ತುಸು ನಿರಾಸೆಯೂ ಆಗುತ್ತದೆ.

ಈ ಪ್ರಶ್ನೆಗೆ ಎರಡು ಮಾತಿನ ಉತ್ತರ ಕೊಟ್ಟು ಕಳಿಸಲು ನನಗೆ ಮನಸ್ಸು ಬರುವುದಿಲ್ಲ. ಕುಂಚ ಹಿಡಿಯುವ ಮೊದಲೇ ಚಿತ್ರದ ಅರ್ಧ ಹಣೆಬರಹ ತೀರ್ಮಾನವಾಗಿರುತ್ತದೆ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿಯೇ ಅದು ಆಗಿಹೋಗಿರುತ್ತದೆ. ಇಷ್ಟು ವರ್ಷ ಬರೆದ ಮೇಲೆ ನನಗೆ ಒಂದು ಸಂಗತಿ ಖಚಿತವಾಗಿದೆ. ಚೆಂದ ಕಂಡದ್ದೆಲ್ಲ ನನ್ನ ವಿಷಯವಲ್ಲ. ನನಗೆ ಚೆನ್ನಾಗಿ ಗೊತ್ತಿರುವುದರಲ್ಲಿ ಇನ್ನೂ ಗೊತ್ತಾಗದೆ ಉಳಿದಿರುವ ಭಾಗ ಯಾವುದೋ, ಅದೇ ನನ್ನ ವಿಷಯ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಂಗಳದ ಕೆಲಸ

ಅಡಿಕೆ ಸೀಮೆಯವರಲ್ಲದ ಓದುಗರಿಗಾಗಿ ಮೊದಲು ಕೆಲಸದ ವಿವರ. ನಮ್ಮ ಕಡೆ ಅಡಿಕೆಯನ್ನು ಎರಡು ಬಗೆಯಲ್ಲಿ ಸಿದ್ಧ ಮಾಡುತ್ತಾರೆ. ಹಣ್ಣಾದ ಅಡಿಕೆಯನ್ನು ಸಿಪ್ಪೆ ಸಮೇತ ತಿಂಗಳಿಗೂ ಮಿಕ್ಕಿ ಬಿಸಿಲಿನಲ್ಲಿ ಒಣಗಿಸಿ ಆಮೇಲೆ ಸುಲಿದರೆ ಅದು ಚಾಲಿ. ಕಾಯಿ ಹಸಿರಾಗಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದರೆ ಅದು ಕೆಂಪಡಿಕೆ. ಚಾಲಿ ಕಾಯುತ್ತದೆ, ಕೆಂಪಡಿಕೆ ಕಾಯುವುದಿಲ್ಲ. ಕೊನೆಗೌಡ ಹಗಲು ಮರ ಹತ್ತಿ ಇಳಿಸಿದ ಕೊನೆಗಳು ಸಂಜೆಗೆ ಅಂಗಳಕ್ಕೆ ಬಂದು ಬೀಳುತ್ತವೆ. ಹಸಿ ಆರುವ ಮೊದಲೇ ಸುಲಿದು ಹಂಡೆಗೆ ಹಾಕಬೇಕು. ಹಾಗಾಗಿ ಸುಲಿತವೆಂದರೆ ಹೆಚ್ಚಾಗಿ ರಾತ್ರಿಯ ಕೆಲಸ. ಹಗಲೆಲ್ಲ ತೋಟದಲ್ಲಿ ದುಡಿದವರು, ಮನೆಯವರು, ಅಕ್ಕಪಕ್ಕದವರು ಊಟ ಮುಗಿಸಿ ಬಂದು ಅಂಗಳದ ಚಪ್ಪರದಡಿ ಸಾಲಾಗಿ ಕೂರುತ್ತಾರೆ.

ಪ್ರತಿಯೊಬ್ಬರ ಮುಂದೆಯೂ ಒಂದು ಮೆಟ್ಟುಗತ್ತಿ. ಮರದ ಮಣೆಗೆ ನೆಟ್ಟಗೆ ನಿಲ್ಲಿಸಿದ ಕತ್ತಿ ಅದು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕಾಯಿಯನ್ನು ಅಲಗಿಗೆ ಒತ್ತಿ ಸಿಪ್ಪೆ ಎಬ್ಬಿಸುತ್ತಾರೆ. ಇನ್ನೊಂದು ಮಗ್ಗುಲಿಗೆ ತಿರುಗಿಸಿ ಮತ್ತೆ ಒತ್ತುತ್ತಾರೆ. ಒಳಗಿನ ಅಡಿಕೆ ಹಾರಿ ಬುಟ್ಟಿಗೆ, ಸಿಪ್ಪೆ ಬದಿಗೆ. ಕಣ್ಣು ಅಲಗಿನ ಮೇಲೆ ಇರಲೇಬೇಕೆಂದಿಲ್ಲ. ಕೈ ಪಳಗಿದವರು ಪಕ್ಕದವರ ಮುಖ ನೋಡಿಕೊಂಡು ಮಗಳ ಮದುವೆಯ ಸುದ್ದಿ ಹೇಳುತ್ತ ಸುಲಿಯುತ್ತಾರೆ. ಸುಲಿದ ಅಡಿಕೆ ಹಂಡೆಯಲ್ಲಿ ಬೇಯುತ್ತದೆ. ಬೇಯಿಸಿದ ನೀರು ಗಟ್ಟಿಯಾಗುತ್ತ ಬಂದರೆ ಚೊಗರು. ಅದನ್ನು ಉಳಿಸಿಕೊಂಡು ಮತ್ತೆ ಮತ್ತೆ ಬಳಸಿ ಅಡಿಕೆಗೆ ಆ ಕೆಂಪು ಬರಿಸುತ್ತಾರೆ. ಹಸಿ ಸಿಪ್ಪೆಯ ರಸವೂ ಅದೇ ಗುಣದ್ದು. ಬೆರಳಿಗೆ ಹತ್ತಿದಾಗ ಕಂದು, ಬೆಳಗಾಗುವಷ್ಟರಲ್ಲಿ ಕಪ್ಪು. ಹುಳಿ ಹಚ್ಚಿ ತಿಕ್ಕಿದರೂ ಹೋಗುವುದಿಲ್ಲ. ಸುಗ್ಗಿ ಮುಗಿದು ಚರ್ಮ ಹೊಸದಾದ ಮೇಲೇ ಅದು ಬಿಡುವುದು.

ನಾನು ಬೆಳೆದದ್ದು ಇಂಥ ಅಂಗಳಕ್ಕೆ ತೆರೆದ ಜಗುಲಿಯಲ್ಲಿ. ಶಾಲೆಯ ಲೆಕ್ಕ ಬಿಡಿಸಿದ್ದು, ಪದ್ಯ ಬಾಯಿಪಾಠ ಮಾಡಿದ್ದು ಎಲ್ಲವೂ ಸಿಪ್ಪೆ ಸೀಳುವ ಸದ್ದಿನ ನಡುವೆ. ಮುಂದೆ ಮೈಸೂರಿಗೆ ಹೋಗಿ ಚಿತ್ರಕಲೆ ಓದಿದೆ. ದೇವರಾಜ ಮಾರುಕಟ್ಟೆಯ ಹೂರಾಶಿ, ಅಗ್ರಹಾರದ ಹಳೆಯ ಮನೆಗಳು, ಕುಕ್ಕರಹಳ್ಳಿ ಕೆರೆಯ ಸಂಜೆ ಎಲ್ಲವನ್ನೂ ಗೆಳತಿಯರ ಜೊತೆ ಕೂತು ಬರೆದೆ. ಒಂದು ದಿನ ತರಗತಿಯಲ್ಲಿ ನೆನಪಿನಿಂದ ಒಂದು ಕೈ ಬರೆಯಿರಿ ಎಂದರು. ಪಕ್ಕದವಳು ಜಪಸರ ಹಿಡಿದ ಕೈ ಬರೆದಳು, ಇನ್ನೊಬ್ಬ ತಬಲಾದ ಮೇಲಿನ ಕೈ ಬರೆದ. ನನ್ನ ಕಾಗದದ ಮೇಲೆ ಬಂದದ್ದು ಅಡಿಕೆ ಹಿಡಿದ ಕೈ. ಹೆಬ್ಬೆರಳಿಗೆ ಸುತ್ತಿದ ಹಳೇ ಸೀರೆಯ ಚೂರು, ಉಗುರಿನ ಸುತ್ತ ಕಪ್ಪು ಎಲ್ಲ ಸಲೀಸಾಗಿ ಬಂತು. ಕಿರುಬೆರಳಿನ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ಕಾಯಿ ತಿರುಗುವ ಗಳಿಗೆಯಲ್ಲಿ ಕಿರುಬೆರಳು ಎಲ್ಲಿರುತ್ತದೆ? ಒಳಗೆ ಮಡಚಿರುತ್ತದೋ, ಹೊರಗೆ ಚಾಚಿರುತ್ತದೋ? ಹುಟ್ಟಿದಾಗಿನಿಂದ ಎದುರಿಗಿದ್ದ ಕೈ ಅದು. ಅದರ ಒಂದು ಬೆರಳಿನ ಜಾಗ ನನಗೆ ಗೊತ್ತಿರಲಿಲ್ಲ.

ಆ ರಜೆಯಲ್ಲಿ ಊರಿಗೆ ಹೋದವಳು ಅಂಗಳದಲ್ಲಿ ಕೂತು ನೋಡಿದೆ. ಕಿರುಬೆರಳು ಕಾಯಿಯನ್ನು ಮುಟ್ಟುವುದೇ ಇಲ್ಲ. ಅಲಗಿನಿಂದ ದೂರ ಉಳಿಯಲು ಅದು ಹೊರಕ್ಕೆ ಚಾಚಿ, ಇಡೀ ಕೈಯ ತೂಕವನ್ನು ಹದಮಾಡುತ್ತದೆ. ಅದು ತಿಳಿದ ಮೇಲೆ ಬೇರೆ ಪ್ರಶ್ನೆಗಳು ಎದ್ದವು. ಭುಜ ಎಷ್ಟು ಬಾಗಿರುತ್ತದೆ? ಕಾಲಿನ ಒತ್ತಡ ಸೊಂಟಕ್ಕೆ ಹೇಗೆ ಬರುತ್ತದೆ? ಮಾತಾಡುವಾಗ ಮುಖ ಒಂದು ಕಡೆ, ಕೈ ಒಂದು ಕಡೆ ಇರುವ ಈ ಹೆಂಗಸನ್ನು ಒಂದೇ ದೇಹವಾಗಿ ಬರೆಯುವುದು ಹೇಗೆ? ಒಂದಕ್ಕೆ ಉತ್ತರ ಸಿಕ್ಕರೆ ಎರಡು ಹುಟ್ಟುತ್ತಿದ್ದವು. ನನಗೆ ವಿಷಯ ಸಿಕ್ಕಿತ್ತು.

ಯಾವುದು ಯೋಗ್ಯ ಎಂದು ಹೇಳುವವರು

ಸುಲಿತ ಚಿತ್ರಕ್ಕೆ ಯೋಗ್ಯವಾದ ವಿಷಯವೇ ಎಂದು ಕೇಳುವವರಿದ್ದಾರೆ. ಈ ಅನುಮಾನಕ್ಕೆ ದೊಡ್ಡ ಇತಿಹಾಸವಿದೆ. 1667ರಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯೆನ್ ಎಂಬ ವಿದ್ವಾಂಸ ಚಿತ್ರದ ವಿಷಯಗಳನ್ನು ಮೇಲು ಕೀಳು ಎಂದು ಸಾಲಾಗಿ ಜೋಡಿಸಿಟ್ಟ. ಪುರಾಣ, ಧರ್ಮ, ಇತಿಹಾಸದ ಘಟನೆಗಳಿಗೆ ಎಲ್ಲಕ್ಕಿಂತ ಮೇಲಿನ ಸ್ಥಾನ. ಭಾವಚಿತ್ರ, ನಿಸರ್ಗ ಮುಂತಾದವು ಅದರ ಕೆಳಗೆ. ಹಣ್ಣು, ಪಾತ್ರೆಗಳಂಥ ಜೀವವಿಲ್ಲದ ವಸ್ತುಗಳು ಎಲ್ಲಕ್ಕಿಂತ ಕೆಳಗೆ. ಪ್ಯಾರಿಸ್ಸಿನ ಅಕಾಡೆಮಿ ಈ ಏಣಿಯನ್ನು ಬಹುಕಾಲ ನಂಬಿತು. ಅದೇ ಅಕಾಡೆಮಿಯೊಳಕ್ಕೆ 1728ರಲ್ಲಿ ಶಾರ್ದೆನ್ ಎಂಬ ಕಲಾವಿದ ಪ್ರವೇಶ ಪಡೆದ. ಅವನು ತೋರಿಸಿದ ಚಿತ್ರಗಳಲ್ಲಿ ಒಂದರಲ್ಲಿ ಇದ್ದದ್ದು ಅಡುಗೆಮನೆಯಲ್ಲಿ ಹೊಟ್ಟೆ ಸೀಳಿ ತೂಗುಹಾಕಿದ ಒಂದು ತೊರಕೆ ಮೀನು. ಆಮೇಲೂ ಅವನು ತಾಮ್ರದ ಪಾತ್ರೆ, ಈರುಳ್ಳಿ, ತರಕಾರಿ ಹೆರೆಯುವ ಆಳು ಹೆಣ್ಣು ಇವನ್ನೇ ಬರೆಯುತ್ತ ಹೋದ. ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವನು ತನ್ನ ಕಾಲದ ಮೇಲ್ಮಟ್ಟದ ಕಲಾವಿದರಲ್ಲಿ ಒಬ್ಬನಾದ.

ನೂರಕ್ಕೂ ಹೆಚ್ಚು ವರ್ಷದ ನಂತರ ಮಿಯೆ ಎಂಬ ಕಲಾವಿದ ಬಂದ. ನಾರ್ಮಂಡಿಯ ರೈತಾಪಿ ಮನೆಯಲ್ಲಿ ಹುಟ್ಟಿದವನು, 1849ರಲ್ಲಿ ಪ್ಯಾರಿಸ್ ಬಿಟ್ಟು ಬಾರ್ಬಿಜೊನ್ ಎಂಬ ಹಳ್ಳಿ ಸೇರಿದ. 1857ರಲ್ಲಿ ಪ್ರದರ್ಶನಕ್ಕಿಟ್ಟ ಅವನ ಒಂದು ಚಿತ್ರದಲ್ಲಿ ಮೂವರು ಬಡ ಹೆಂಗಸರು ಕಟಾವಾದ ಗದ್ದೆಯಲ್ಲಿ ಉದುರಿದ ತೆನೆ ಆರಿಸುತ್ತಿದ್ದಾರೆ. ಅರ್ಜಿ ಹಿಡಿದೋ ಅಳುತ್ತಲೋ ಅಲ್ಲ. ಕಲ್ಲಿನ ಮೂರ್ತಿಗಳ ಗಾಂಭೀರ್ಯದಲ್ಲಿ. ಅಷ್ಟಕ್ಕೇ ಪ್ಯಾರಿಸ್ಸಿನ ಅನುಕೂಲಸ್ಥರು ಸಿಡಿಮಿಡಿಗೊಂಡರು. ಕೂಲಿಯ ಹೆಂಗಸರನ್ನು ಇಷ್ಟು ದೊಡ್ಡದಾಗಿ ಬರೆಯಬಹುದೆಂಬುದೇ ಅವರಿಗೆ ಅರಗಲಿಲ್ಲ.

ಮಿಯೆಯನ್ನು ಗುರುವೆಂದು ಮನಸಾ ಒಪ್ಪಿಕೊಂಡವನು ವ್ಯಾನ್ ಗೋ. ಅವನ ಸೂರ್ಯಕಾಂತಿ ಹೂಗಳು ಎಲ್ಲರಿಗೂ ಗೊತ್ತು. ನನಗೆ ದಾರಿ ತೋರಿಸಿದ್ದು ಅದಕ್ಕಿಂತ ಹಿಂದಿನ ಒಂದು ಕಪ್ಪು ಚಿತ್ರ, ‘ಆಲೂಗಡ್ಡೆ ತಿನ್ನುವವರು’. ಕಲಾವಿದನಾಗುವ ಮೊದಲು ಅವನು ಬೆಲ್ಜಿಯಮ್ಮಿನ ಬೊರಿನಾಜ್ ಕಲ್ಲಿದ್ದಲ ಸೀಮೆಯಲ್ಲಿ ಗಣಿ ಕಾರ್ಮಿಕರಿಗೆ ಧರ್ಮಬೋಧೆ ಮಾಡುತ್ತಿದ್ದ. ತನ್ನಲ್ಲಿದ್ದದ್ದನ್ನು ಅವರಿಗೆ ಕೊಟ್ಟು ಅವರಂತೆಯೇ ಬದುಕುತ್ತಿದ್ದ. ಆ ಕೆಲಸ ಕೈತಪ್ಪಿದ ಮೇಲೆ, 1880ರಲ್ಲಿ, ಚಿತ್ರ ಬರೆಯುವುದೇ ತನ್ನ ದಾರಿ ಎಂದು ನಿಶ್ಚಯಿಸಿದ. ಹಾಲೆಂಡಿನ ನ್ಯೂನೆನ್ ಎಂಬ ಹಳ್ಳಿಯಲ್ಲಿದ್ದಾಗ ಒಂದು ಚಳಿಗಾಲವಿಡೀ ಅಲ್ಲಿನ ರೈತರ ಮುಖಗಳನ್ನು ಒಂದಾದ ಮೇಲೊಂದು ಅಭ್ಯಾಸ ಮಾಡಿದ. ಆಮೇಲೆ 1885ರ ವಸಂತದಲ್ಲಿ ಆ ದೊಡ್ಡ ಚಿತ್ರಕ್ಕೆ ಕೈ ಹಾಕಿದ. ಒಂದೇ ದೀಪ, ಅದರ ಕೆಳಗೆ ಮೇಜು, ಸುತ್ತ ಐವರು, ತಟ್ಟೆಯಲ್ಲಿ ಹಬೆಯಾಡುವ ಆಲೂಗಡ್ಡೆ. ಇಡೀ ಚಿತ್ರಕ್ಕೆ ಸಿಪ್ಪೆ ತೆಗೆಯದ, ಮಣ್ಣು ಮೆತ್ತಿದ ಆಲೂಗಡ್ಡೆಯ ಬಣ್ಣ. ತಟ್ಟೆಗೆ ಚಾಚಿದ ಈ ಕೈಗಳೇ ನೆಲವನ್ನು ಅಗೆದ ಕೈಗಳು, ಉಣ್ಣುವುದನ್ನು ಇವರು ದುಡಿದೇ ಉಣ್ಣುತ್ತಿದ್ದಾರೆ ಎಂಬುದನ್ನು ತೋರಿಸಬೇಕಿತ್ತು ಎಂದು ಅವನು ತಮ್ಮ ಥಿಯೋಗೆ ಕಾಗದ ಬರೆದಿದ್ದಾನೆ. ಕಲಾವಿದ ಗೆಳೆಯನೊಬ್ಬ ಈ ಚಿತ್ರವನ್ನು ಕಟುವಾಗಿ ಟೀಕಿಸಿದರೂ ವ್ಯಾನ್ ಗೋ ಅದನ್ನು ಬಿಟ್ಟುಕೊಡಲಿಲ್ಲ.

ರಾತ್ರಿ, ಒಂದು ದೀಪ, ಸುತ್ತ ಕೂತ ಜನ, ದುಡಿದ ಕೈ. ಆಮ್‌ಸ್ಟರ್‌ಡ್ಯಾಮಿನ ವಸ್ತುಸಂಗ್ರಹಾಲಯದಲ್ಲಿರುವ ಆ ಚಿತ್ರದ ಮುದ್ರಿತ ಪ್ರತಿಯನ್ನು ಗ್ರಂಥಾಲಯದಲ್ಲಿ ಮೊದಲ ಸಲ ನೋಡಿದಾಗ ನನಗೆ ಅದು ಪರದೇಶದ್ದೆನಿಸಲೇ ಇಲ್ಲ. ನಮ್ಮ ಅಂಗಳವನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಧೈರ್ಯ ಬಂದದ್ದು ಅಲ್ಲಿಂದ.

ನಮ್ಮವರು ಹಿಡಿದ ಹಾದಿ

ನಮ್ಮ ನಾಡಿನ ಹಿರಿಯರು ವಿಷಯವನ್ನು ಹೇಗೆ ಕಂಡುಕೊಂಡರು ಎಂದು ನೋಡಿದರೆ ಒಬ್ಬೊಬ್ಬರದು ಒಂದೊಂದು ಹಾದಿ. ಕೆ. ವೆಂಕಟಪ್ಪನವರು ಕೋಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ರಾಮಾಯಣದ, ಪುರಾಣದ ಪ್ರಸಂಗಗಳನ್ನು ಬರೆದು ಹೆಸರಾದವರು. ಅಂಥವರು ಮುಂದೆ ಊಟಿ, ಕೊಡೈಕೆನಾಲ್ ಬೆಟ್ಟಗಳ ಮಂಜು, ಮೋಡ, ಕೆರೆಯ ನೀರಿನ ಬೆಳಕನ್ನು ಜಲವರ್ಣದಲ್ಲಿ ಹಿಡಿಯಲು ತೊಡಗಿದರು. ಪುರಾಣದಲ್ಲಿ ಕತೆ ಮೊದಲೇ ಗೊತ್ತು. ಮೋಡ ಮುಂದಿನ ಗಳಿಗೆಯಲ್ಲಿ ಏನಾಗುತ್ತದೆ ಎಂದು ಗೊತ್ತಿಲ್ಲ. ಕೂತು ಕಾಯುವ ತಾಳ್ಮೆ ಇದ್ದವರಿಗೆ ಮಾತ್ರ ಒದಗುವ ವಿಷಯ ಅದು.

ದೊಡ್ಡಬಳ್ಳಾಪುರ ಕಡೆಯ ರುಮಾಲೆ ಚನ್ನಬಸವಯ್ಯನವರು ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿ ಬಹುಕಾಲ ಕುಂಚವನ್ನು ಬದಿಗಿಟ್ಟಿದ್ದವರು. 1960ರ ದಶಕದಲ್ಲಿ ಮತ್ತೆ ಅದನ್ನು ಕೈಗೆತ್ತಿಕೊಂಡಾಗ ಅವರು ಆರಿಸಿಕೊಂಡದ್ದು ಬೆಂಗಳೂರಿನ ಹೂಬಿಟ್ಟ ಮರಗಳನ್ನು. ಗುಲ್‌ಮೊಹರ್, ಜಕರಾಂಡ ಮರಗಳ ಎದುರಿಗೇ ಕೂತು ಬರೆದರು. ಬೆಂಗಳೂರಿನ ಎಷ್ಟೋ ಮರಗಳು ಇಂದು ಅವರ ಚಿತ್ರದಲ್ಲಿ ಮಾತ್ರ ಹೂ ಬಿಡುತ್ತಿವೆ.

ಅಮೃತಾ ಶೇರ್‌ಗಿಲ್ ಅವರದು ಇನ್ನೊಂದು ಬಗೆ. 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಕಲಿತು, ಹತ್ತೊಂಬತ್ತು ಇಪ್ಪತ್ತರ ಹರೆಯದಲ್ಲೇ ಅಲ್ಲಿ ಮನ್ನಣೆ ಪಡೆದವರು. ಆದರೂ 1934ರಲ್ಲಿ ಭಾರತಕ್ಕೆ ಬಂದುಬಿಟ್ಟರು. ತನ್ನ ವಿಷಯ ಇಲ್ಲಿಯೇ ಇದೆ ಎಂದು ಅವರಿಗೆ ಅನ್ನಿಸಿತ್ತು. ಶಿಮ್ಲಾದ ಬೆಟ್ಟದ ಜನರನ್ನು ಬರೆದರು. ಅಜಂತಾ ನೋಡಿ, ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಭಿತ್ತಿಚಿತ್ರಗಳನ್ನು ನೋಡಿ, 1937ರಲ್ಲಿ ದಕ್ಷಿಣದ ಹಳ್ಳಿಗರು ಸಂತೆಗೆ ಹೋಗುವುದನ್ನು, ಬ್ರಹ್ಮಚಾರಿಗಳನ್ನು, ವಧುವಿನ ಸಿಂಗಾರವನ್ನು ಬರೆದರು. 1941ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಲಾಹೋರಿನಲ್ಲಿ ತೀರಿಕೊಂಡರು.

ಅಮೃತಾ ಅವರ ಚಿತ್ರಗಳಿಂದ ಪ್ರೇರಣೆ ಪಡೆದವರಲ್ಲಿ ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಒಬ್ಬರು. 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕೆಲವು ವರ್ಷ ಕಲಿಸಿ, 1949ರ ಹೊತ್ತಿಗೆ ಪ್ಯಾರಿಸ್ಸಿಗೂ ಹೋಗಿ ಬಂದರು. ಅವರ ಬದುಕಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಅವರು ಪಂಡಿತ ಸುಂದರ ಪ್ರಸಾದರ ಬಳಿ ಕಥಕ್ ಕಲಿತರು. ವೇದಿಕೆ ಏರುವ ಆಸೆಯಿಂದಲ್ಲ. ಲಯವೆಂದರೇನು ಎಂದು ಮೈಯಿಂದಲೇ ತಿಳಿಯಲಿಕ್ಕೆ. ಕುಣಿಯುವ ಕಾಲನ್ನು ಒಂದೇ ಎಳೆತದಲ್ಲಿ ಹಿಡಿದ ಅವರ ರೇಖಾಚಿತ್ರಗಳನ್ನು ನೋಡಿದವರಿಗೆ ಆ ಕಲಿಕೆ ಎಲ್ಲಿ ಹೋಗಿ ಸೇರಿತು ಎಂದು ಗೊತ್ತಾಗುತ್ತದೆ. ಅವರ ಆ ರೇಖೆಗಳ ಪುಸ್ತಕ 1964ರಲ್ಲಿ ಬಂತು.

ಹೆಬ್ಬಾರರಿಂದ ನಾನು ಕಲಿತ ಪಾಠ ಇದು: ಕಣ್ಣಿಗೆ ತಿಳಿದದ್ದು ಸಾಲದು, ಮೈಗೂ ತಿಳಿಯಬೇಕು. ಹಾಗಾಗಿ ನಾನು ಮೆಟ್ಟುಗತ್ತಿ ಹಿಡಿದು ಸುಲಿಯಲು ಕೂತೆ. ದೊಡ್ಡಮ್ಮ ಪಕ್ಕದಲ್ಲಿ ಕೂತು ಕಲಿಸಿದರು. ‘ಕೈಯಿಂದ ಒತ್ತಡ ಹಾಕಬೇಡ, ಭುಜದಿಂದ ಬರಲಿ’ ಎಂದರು. ಆ ಒಂದು ಮಾತು ನನ್ನ ರೇಖೆಯನ್ನೇ ಬದಲಾಯಿಸಿತು. ಅದುವರೆಗೆ ನಾನು ಬೆರಳಿನಿಂದ ಶುರುಮಾಡಿ ತೋಳಿನ ಕಡೆ ಹೋಗುತ್ತಿದ್ದೆ. ಈಗ ಮೊದಲ ಗೆರೆ ಭುಜದಿಂದ ಹೊರಟು ಬೆರಳಿಗೆ ಇಳಿಯುತ್ತದೆ, ಕೆಲಸದ ಬಲ ಹರಿಯುವ ದಿಕ್ಕಿನಲ್ಲಿಯೇ.

ಆರಿಸುವ ಬಗೆ

ಈಗ ನನ್ನ ಕ್ರಮ ಹೇಳುತ್ತೇನೆ. ಚೀಲದಲ್ಲಿ ಯಾವಾಗಲೂ ಅಂಗೈ ಅಗಲದ ಒಂದು ಪುಸ್ತಕ, ಮೆತ್ತನೆಯ 4ಬಿ ಪೆನ್ಸಿಲ್ ಇರುತ್ತದೆ. ಸೆಳೆದದ್ದನ್ನೆಲ್ಲ ಗೀಚಿಕೊಳ್ಳುತ್ತೇನೆ: ಬಸ್‌ ನಿಲ್ದಾಣದಲ್ಲಿ ಹೂ ಕಟ್ಟುವವಳು, ಸೊಸೈಟಿಯಲ್ಲಿ ಅಡಿಕೆ ಚೀಲ ಹೊರುವ ಹಮಾಲರು, ಕೊಟ್ಟಿಗೆಯ ಬಾಗಿಲು. ಗೀಚಿದ್ದೆಲ್ಲ ಚಿತ್ರವಾಗುವುದಿಲ್ಲ. ಕೆಲವು ದಿನ ಬಿಟ್ಟು ಅದೇ ಜಾಗಕ್ಕೆ ಮತ್ತೆ ಹೋಗಿ ಅದನ್ನೇ ಬರೆಯುತ್ತೇನೆ. ಎರಡನೆಯ ಸಲ ಮೊದಲ ಸಲ ಕಾಣದ ಒಂದಾದರೂ ಸಂಗತಿ ಕಂಡರೆ ಅದನ್ನು ಉಳಿಸಿಕೊಳ್ಳುತ್ತೇನೆ. ಕಾಣದಿದ್ದರೆ, ಅದು ಎಷ್ಟೇ ಸುಂದರವಾಗಿರಲಿ, ಅಲ್ಲಿಗೇ ಬಿಡುತ್ತೇನೆ. ಬಹಳಷ್ಟು ಸೂರ್ಯಾಸ್ತಗಳು ಈ ಜರಡಿಯಲ್ಲಿ ಕೆಳಗೆ ಹೋಗಿವೆ.

ಒಂದೇ ವಿಷಯವನ್ನು ಮತ್ತೆ ಮತ್ತೆ ಬರೆದರೆ ಬೇಸರ ಬರುವುದಿಲ್ಲವೇ ಎಂದು ಕೇಳುತ್ತಾರೆ. ಮೊನೆ ಎಂಬ ಕಲಾವಿದ 1890-91ರಲ್ಲಿ ಜಿವರ್ನಿಯ ತನ್ನ ಮನೆಯ ಹತ್ತಿರದ ಹೊಲದಲ್ಲಿದ್ದ ಬಣವೆಗಳನ್ನೇ ಇಪ್ಪತ್ತೈದರಷ್ಟು ಕ್ಯಾನ್ವಾಸುಗಳಲ್ಲಿ ಬರೆದ. ಬಣವೆ ಬದಲಾಗಲಿಲ್ಲ, ಬೆಳಕು ಬದಲಾಯಿತು. ಇನ್ನೊಬ್ಬ ಕಲಾವಿದ ಸೆಜಾನ್ ತನ್ನ ಊರಿನ ಸೇಂಟ್ ವಿಕ್ತ್ವಾರ್ ಬೆಟ್ಟವನ್ನು ದಶಕಗಳ ಕಾಲ ಬಿಡದೆ ಬರೆದ. ಇಟಲಿಯ ಬೊಲೊನ್ಯಾದ ಮೊರಾಂಡಿ ತನ್ನ ತಂಗಿಯರ ಜೊತೆ ಒಂದೇ ಮನೆಯಲ್ಲಿ ಬಾಳಿ, ಮಲಗುವ ಕೋಣೆಯನ್ನೇ ಕಾರ್ಯಾಗಾರ ಮಾಡಿಕೊಂಡು, ಬಾಟಲಿ, ಹೂಜಿ, ಡಬ್ಬಗಳನ್ನೇ ಜೀವಮಾನವಿಡೀ ಬರೆದ. ಒಂದು ಬಾಟಲಿಯನ್ನು ತುಸು ಸರಿಸಿದರೆ ಇಡೀ ಚಿತ್ರದ ಮಾತು ಬೇರೆಯಾಗುತ್ತಿತ್ತು. ಇವರ ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಅರ್ಥವಾಗುತ್ತದೆ. ವಿಷಯ ಒಂದೇ ಇದ್ದಾಗ ನೋಡುವವರ ಕುತೂಹಲ ‘ಇದೇನು’ ಎಂಬಲ್ಲಿ ಮುಗಿದು ‘ಇದು ಹೇಗಿದೆ’ ಎಂಬಲ್ಲಿಗೆ ಇಳಿಯುತ್ತದೆ. ಚಿತ್ರ ನೋಡುವುದು ಶುರುವಾಗುವುದು ಅಲ್ಲಿಂದ.

ಇನ್ನೊಂದು ನಿಯಮ ಇಟ್ಟುಕೊಂಡಿದ್ದೇನೆ. ಕೇಳದೆ ಯಾರ ಕೈಯನ್ನೂ ಬರೆಯುವುದಿಲ್ಲ. ನಾನು ತೋಟದ ಮನೆಯ ಹುಡುಗಿ. ಸುಲಿಯಲು ಬರುವ ಹೆಚ್ಚಿನವರು ಕೂಲಿಗೆ ಬರುವವರು. ಈ ಅಂತರವನ್ನು ಮರೆತು ಬರೆದರೆ ಚಿತ್ರದಲ್ಲಿ ಎರಡರಲ್ಲಿ ಒಂದು ದೋಷ ಬರುತ್ತದೆ, ಒಂದೋ ಕನಿಕರ, ಇಲ್ಲವೇ ಅಲಂಕಾರ. ಎರಡೂ ಅವರಿಗೆ ಮಾಡುವ ಅವಮಾನವೇ. ಮೊದಲು ನಾನು ಕೇಳಿದಾಗ ಒಬ್ಬ ಹಿರಿಯ ಹೆಂಗಸು ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ‘ಈ ಕರಿ ಕೈ ಎಂತಕ್ಕೆ ತಂಗಿ? ನಾಳೆ ತೊಳ್ಕಂಡು ಬರ್ತೆ, ಆಗ ಬರಿ’ ಎಂದಳು. ‘ಅಕ್ಕಾ, ಇದು ಕೊಳೆ ಅಲ್ಲ, ಕೆಲಸ. ಅದನ್ನೇ ಬರೀಬೇಕು’ ಎಂದೆ. ಒಪ್ಪಿದಳು. ಸುಲಿತದ ಲೆಕ್ಕ ಕೂಲಿಯ ಲೆಕ್ಕ. ನನಗಾಗಿ ಕೂತ ಹೊತ್ತಿಗೆ ಅವರ ಕೂಲಿ ತಪ್ಪಬಾರದು ಎಂದು ಅದನ್ನು ಸೇರಿಸಿ ಕೊಡುತ್ತೇನೆ. ಮುಗಿದ ಚಿತ್ರವನ್ನು ಮೊದಲು ನೋಡುವವರೂ ಅವರೇ.

ಹಾಗೆ ಒಂದು ಚಿತ್ರವನ್ನು ಅಂಗಳಕ್ಕೆ ತಂದು ಚಪ್ಪರದ ಕಂಬಕ್ಕೆ ಒರಗಿಸಿಟ್ಟೆ. ಅದರಲ್ಲಿ ಮುಖವಿರಲಿಲ್ಲ, ಮೊಣಕೈಯಿಂದ ಕೆಳಗಿನ ಕೈಗಳು ಮಾತ್ರ. ಆ ಹಿರಿಯಳು ಹತ್ತಿರ ಬಂದು ನೋಡಿ, ‘ಇದು ನಂದಲ್ಲ. ನಮ್ಮ ಸೊಸೇದು. ಅವಳು ಹಾಂಗೇ ಹಿಡಿಯೋದು, ತೋರುಬೆರಳು ಮ್ಯಾಲಿಟ್ಟು’ ಎಂದಳು. ಸೊಸೆ ನಾಚಿ ನಕ್ಕಳು. ಕೈ ಅವಳದೇ ಆಗಿತ್ತು. ಒಂದು ಕೈಗೂ ಮುಖದಷ್ಟೇ ಗುರುತಿದೆ ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ. ಯಾವ ವಿಮರ್ಶಕರ ಮೆಚ್ಚುಗೆಯೂ ನನಗೆ ಅಷ್ಟು ಬಲ ಕೊಟ್ಟಿಲ್ಲ.

ಒಂದು ಕಪ್ಪಿನೊಳಗೆ

ಚೊಗರಿನ ಕಪ್ಪನ್ನು ಬರೆಯುವುದು ಹೇಗೆಂದು ಹೇಳಿದರೆ ವಿಷಯಕ್ಕೂ ಬಣ್ಣಕ್ಕೂ ಇರುವ ನಂಟು ಸ್ಪಷ್ಟವಾದೀತು. ಟ್ಯೂಬಿನ ಕಪ್ಪು ಬಣ್ಣವನ್ನು ನೇರ ಹಚ್ಚಿದರೆ ಬೆರಳು ಸತ್ತಂತೆ ಕಾಣುತ್ತದೆ. ನಾನು ಬರ್ನ್ಟ್ ಅಂಬರ್ ಎಂಬ ಸುಟ್ಟ ಮಣ್ಣಿನ ಕಂದು, ಅಲ್ಟ್ರಾಮರೀನ್ ನೀಲಿ ಇವೆರಡನ್ನು ಬೆರೆಸುತ್ತೇನೆ. ಕಂದು ಹೆಚ್ಚಾದರೆ ಕಪ್ಪು ಬೆಚ್ಚಗಾಗುತ್ತದೆ, ನೀಲಿ ಹೆಚ್ಚಾದರೆ ತಣ್ಣಗಾಗುತ್ತದೆ. ಆಗತಾನೇ ಹತ್ತಿದ ರಸಕ್ಕೆ ಅಲಿಜರಿನ್ ಕೆಂಪಿನ ಒಂದು ತೆಳು ಪದರ. ಎಣ್ಣೆಬಣ್ಣದಲ್ಲಿ ಮೊದಲ ಪದರಗಳು ಟರ್ಪೆಂಟೈನ್ ಸೇರಿಸಿದ ತೆಳು ಪದರಗಳಾಗಿರಬೇಕು, ಎಣ್ಣೆಯಂಶ ಹೆಚ್ಚಿರುವ ದಪ್ಪ ಬಣ್ಣ ಆಮೇಲೆ. ಇಲ್ಲದಿದ್ದರೆ ಕೆಳಗಿನದು ಒಣಗುವ ಮೊದಲೇ ಮೇಲಿನದು ಗಟ್ಟಿಯಾಗಿ ಮುಂದೆ ಬಿರುಕು ಬಿಡುತ್ತದೆ. ಕೈಗೂ ಚೊಗರು ಹೀಗೆಯೇ ಒಂದರ ಮೇಲೊಂದು ಪದರವಾಗಿ ಏರುತ್ತದೆ. ಅಂಗೈಯ ಗೆರೆಗಳಲ್ಲಿ ದಟ್ಟ, ಗೆಣ್ಣುಗಳ ಮೇಲೆ ತೆಳು, ಬಳೆ ಉಜ್ಜುವ ಮಣಿಕಟ್ಟಿನಲ್ಲಿ ಮಾಯ. ಯಾವ ಬೆರಳು ಎಷ್ಟು ಕಪ್ಪಾಗಿದೆ ಎಂದು ನೋಡಿದರೆ ಯಾವ ಬೆರಳು ಎಷ್ಟು ದುಡಿಯುತ್ತದೆ ಎಂದು ಹೇಳಬಹುದು.

ಬೆಳಕಿನ ಸಂಗತಿಯೂ ಇದೆ. ನಾನು ಚಿಕ್ಕವಳಿದ್ದಾಗ ಅಂಗಳದಲ್ಲಿ ಗ್ಯಾಸ್‌ಲೈಟ್ ಉರಿಯುತ್ತಿತ್ತು, ಆಮೇಲೆ ಹಳದಿ ಬಲ್ಬು ಬಂತು, ಈಗ ಎಲ್‌ಇಡಿ. ಎಲ್‌ಇಡಿಯ ಕೆಳಗೆ ಅದೇ ಬೆರಳು ನೀಲಿ ಛಾಯೆಗೆ ತಿರುಗುತ್ತದೆ. ಹಂಡೆಯ ಒಲೆಯ ಹತ್ತಿರ ಬಂದರೆ ಕೆಂಗಂದು. ಎರಡು ಬೆಳಕಿನ ನಡುವೆ ಕೂತವಳ ಒಂದು ಕೈ ತಣ್ಣಗೆ, ಇನ್ನೊಂದು ಬೆಚ್ಚಗೆ. ಈಗ ನಾನು ಬರೆಯುತ್ತಿರುವ ಚಿತ್ರದ ತಲೆಬಿಸಿ ಇದೇ. ಎರಡೂ ಕೈ ಒಬ್ಬಳದೇ ಎಂದು ನೋಡುವವರಿಗೆ ಅನ್ನಿಸಬೇಕು, ಬೆಳಕು ಮಾತ್ರ ಬೇರೆ ಎಂದು ತಿಳಿಯಬೇಕು.

ಹಳೆಯದರ ಹಂಬಲವಲ್ಲ

ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರಗಳು ಅನೇಕ ಮನೆಗಳಿಗೆ ಬಂದಿವೆ. ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಬೆಳೆಗಾರರಿಗೆ ಬೇರೆ ದಾರಿಯೂ ಇಲ್ಲ. ‘ಮರೆಯಾಗುತ್ತಿರುವುದನ್ನು ಉಳಿಸುತ್ತಿದ್ದೀರಿ’ ಎಂದು ನನ್ನನ್ನು ಹೊಗಳುವವರಿದ್ದಾರೆ. ಆ ಹೊಗಳಿಕೆಯನ್ನು ನಾನು ಒಪ್ಪುವುದಿಲ್ಲ. ರಾತ್ರಿಯೆಲ್ಲ ಕೂತು ಸೊಂಟ ಹಿಡಿದುಕೊಂಡವರ ಕಷ್ಟ ಮುಗಿಯುವುದಾದರೆ ಮುಗಿಯಲಿ. ನನ್ನ ಚಿತ್ರಕ್ಕಾಗಿ ಅದು ಉಳಿಯಬೇಕಿಲ್ಲ. ಯಂತ್ರ ಬಂದ ಮನೆಗಳಲ್ಲೂ ಕೂತು ಬರೆಯುತ್ತೇನೆ. ಯಂತ್ರದ ಬಾಯಿಗೆ ಕಾಯಿ ಸುರಿಯುವ ಕೈ, ಸರಿಯಾಗಿ ಸುಲಿಯದೆ ಬಂದದ್ದನ್ನು ಆರಿಸುವ ಕೈ ಅಲ್ಲಿವೆ. ಮೆಟ್ಟುಗತ್ತಿಯ ಕೈಗೆ ತನ್ನದೇ ಲಯವಿತ್ತು. ಇಲ್ಲಿ ಕೈ ಯಂತ್ರದ ವೇಗಕ್ಕೆ ಓಡಬೇಕು, ಭುಜ ಬಿಗಿಯುತ್ತದೆ. ಈ ಬಿಗಿತವನ್ನು ಬರೆಯುವುದು ಹೇಗೆಂದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಅದಕ್ಕೇ ಅದು ನನ್ನ ವಿಷಯ.

ಚಿತ್ರ ಬರೆಯಲು ಶುರುಮಾಡಿದ ಹುಡುಗ ಹುಡುಗಿಯರು ‘ಮೇಡಂ, ಏನು ಬರೀಬೇಕು ಅಂತಲೇ ತಿಳಿಯೋದಿಲ್ಲ’ ಎಂದು ನನ್ನ ಹತ್ತಿರ ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ, ದಿನವೂ ನೋಡುವ ಒಂದನ್ನು ಆರಿಸಿ. ಕಣ್ಣು ಮುಚ್ಚಿ ಅದನ್ನು ನೆನಪಿನಿಂದ ಬರೆಯಲು ನೋಡಿ. ಪೆನ್ಸಿಲ್ ಎಲ್ಲಿ ನಿಂತಿತೋ ಆ ಜಾಗವನ್ನು ಗುರುತು ಮಾಡಿಕೊಳ್ಳಿ. ಮರುದಿನ ಅಲ್ಲಿಗೆ ಹೋಗಿ, ಆ ಒಂದು ಜಾಗವನ್ನು ಮಾತ್ರ ಚೆನ್ನಾಗಿ ನೋಡಿ ಬರೆಯಿರಿ. ಅಪ್ಪನ ಗ್ಯಾರೇಜಿನ ಪಾನಾ ಇರಲಿ, ಅಜ್ಜಿಯ ಎಲೆ ಅಡಿಕೆಯ ಸಂಚಿ ಇರಲಿ, ಅಪಾರ್ಟ್‌ಮೆಂಟಿನ ಕಾವಲುಗಾರ ಕೂರುವ ಪ್ಲಾಸ್ಟಿಕ್ ಕುರ್ಚಿ ಇರಲಿ, ನೋಡಿದಷ್ಟೂ ಅದರಲ್ಲಿ ಹೊಸ ಪ್ರಶ್ನೆ ಏಳುತ್ತಿದ್ದರೆ ವಿಷಯ ಸಿಕ್ಕಿತೆಂದೇ ತಿಳಿಯಿರಿ. ಅದು ಸಣ್ಣದು, ಗೋಡೆಗೆ ಒಪ್ಪುವುದಿಲ್ಲ, ಮಾರಾಟವಾಗುವುದಿಲ್ಲ ಎಂದು ಹೇಳುವವರು ಬಂದೇ ಬರುತ್ತಾರೆ. ಶಾರ್ದೆನ್‌ಗೂ ಮಿಯೆಗೂ ಬಂದಿದ್ದರು. ಅಂಥವರ ಮಾತು ಕೇಳಿಸಿಕೊಂಡು, ತಲೆಯಾಡಿಸಿ, ಮತ್ತೆ ನಿಮ್ಮ ವಿಷಯದ ಎದುರಿಗೆ ಹೋಗಿ ಕೂರಿ.